ಸಹಾಯ ಬೇಕು: ದುಬೈಗೆ ಟೊಮೆಟೊ ಸಾಸ್ ಕಳಿಸಬೇಕು

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಸಣ್ಣದಾಗಿ ಟೊಮೆಟೊ ಸಾಸ್ ಮಾಡಿ ಮಾರುತ್ತೇವೆ. ನಮ್ಮದು ಬೆಲ್ಲ ಹಾಕಿದ್ದು, ಖಾರ ಸ್ವಲ್ಪ ಜಾಸ್ತಿ. ದುಬೈನಲ್ಲಿರುವ ನಾದಿನಿ ಅಲ್ಲಿನ ಅಂಗಡಿಯವರೊಬ್ಬರಿಗೆ ರುಚಿ ತೋರಿಸಿದ್ದಾಳೆ. ಅವರು 200 ಬಾಟಲಿ ಕೇಳಿದ್ದಾರೆ.

ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ) ಲೈಸೆನ್ಸ್ ಇದೆ. ರಫ್ತಿಗೆ ಬೇಕಾದ ಐಇಸಿ ನಂಬರ್‌ಗೂ ಅರ್ಜಿ ಹಾಕಿದ್ದೇನೆ. ತಲೆನೋವು ಲೇಬಲ್‌ದು. ಅಲ್ಲಿ ಅರಬಿಕ್ ಇರಲೇಬೇಕು. ಸ್ಟಿಕ್ಕರ್ ಅಂಟಿಸಿದರೆ ಸಾಕಾ, ಇಲ್ಲಾ ಹೊಸದಾಗಿಯೇ ಪ್ರಿಂಟ್ ಮಾಡಿಸಬೇಕಾ? ಹಳೇ ಲೇಬಲ್ 3,000 ಹಾಗೇ ಬಿದ್ದಿವೆ, ಎಸೆಯಲು ಹೊಟ್ಟೆ ಉರಿಯುತ್ತದೆ!

ಸಾಸ್‌ನ ಹುಳಿ ಅಳೆಯುವ ಪಿಎಚ್ 4.6ಕ್ಕಿಂತ ಕಡಿಮೆ ಇರಬೇಕು ಅಲ್ವಾ, ನಮ್ಮದು 3.9 ಬಂದಿದೆ. ಆದರೆ ಅದು ಮನೆಯ ಮೀಟರ್ ಲೆಕ್ಕ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಸಾಸ್ ಟೆಸ್ಟ್ ಮಾಡಿಸಿದವರು ಯಾರಾದರೂ ಇದ್ದೀರಾ? ಎಷ್ಟು ದಿನ ಹಿಡಿಯಿತು? ಗಾಜಿನ ಬಾಟಲಿ ಬಿಟ್ಟು ಪೌಚ್‌ಗೆ ಹೋಗೋದು ಒಳ್ಳೇದಾ, ಅದನ್ನೂ ಹೇಳಿ.