ಮಂಡಕ್ಕಿ ಭಟ್ಟಿ ಹುಡುಗರಿಗೆ ಸಂವಿಧಾನ ಹೇಳೋದು ಹೇಗೆ?

ಪ್ರಶ್ನೆ: ದಾವಣಗೆರೆಯಲ್ಲಿ ಸಂಜೆ ಹೊತ್ತು ಹುಡುಗರ ಗುಂಪೊಂದನ್ನು ಸೇರಿಸುತ್ತೇನೆ. ಪಿಯುಸಿ ಬಿಟ್ಟು ಮಂಡಕ್ಕಿ ಭಟ್ಟಿ, ಗ್ಯಾರೇಜ್ ಸೇರಿದವರು. ಪ್ರಸ್ತಾವನೆ ಓದಿಸಲು ಹೋದರೆ ಮೊಬೈಲ್ ತೆಗೆಯುತ್ತಾರೆ. "ಯಾರು ಗೆದ್ರೂ ನಮ್ ಬೀದಿ ದೀಪ ಹತ್ತಲ್ಲ ಸರ್" ಅನ್ನುತ್ತಾನೆ ಒಬ್ಬ. ಏನು ಮಾಡಲಿ?

ಉತ್ತರ 1: ಪಾಠ ಅವನೇ ಶುರು ಮಾಡಿದ್ದಾನೆ, ಅಲ್ವಾ? ಆ ದೀಪದ ಬಗ್ಗೆ ಪಾಲಿಕೆಗೆ ಮಾಹಿತಿ ಹಕ್ಕಿನ ಅರ್ಜಿ ಬರೆಸಿ. 2005ರ ಕಾಯ್ದೆ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. "ಯಾಕೆ ಹತ್ತಿಲ್ಲ" ಅಂತ ಕೇಳಿದರೆ ಜಾರಿಕೊಳ್ಳುತ್ತಾರೆ. ದಾಖಲೆ ಕೇಳಿ: ನಿರ್ವಹಣೆಯ ಗುತ್ತಿಗೆ ಯಾರಿಗೆ, ಕಳೆದ ವರ್ಷ ಎಷ್ಟು ಬಿಲ್ ಪಾವತಿಯಾಗಿದೆ. ಅವನ ಕೈಬರಹದಲ್ಲೇ ಇರಲಿ. ಕಾಗುಣಿತ ತಿದ್ದಲು ಹೋಗಬೇಡಿ, ಶಾಲೆಯಲ್ಲಿ ಅದನ್ನೇ ಜಾಸ್ತಿ ಮಾಡಿ ಓಡಿಸಿದ್ದು! ಸೀಲ್ ಬಿದ್ದ ಪ್ರತಿಯೂ ಅವನ ಹತ್ತಿರವೇ ಇರಲಿ.

ಉತ್ತರ 2: 17 ತುಂಬಿದವರು ಮತದಾರರ ಪಟ್ಟಿಗೆ ಸೇರುವ ಅರ್ಜಿ, ಅಂದರೆ ನಮೂನೆ 6, ಈಗಲೇ ಕೊಡಬಹುದು, 18 ಆದ ಮೇಲೆ ಪಟ್ಟಿಗೆ ಹೆಸರು ಸೇರುತ್ತೆ. ಆದರೆ ಮೊದಲು ದೀಪ.

ಪ್ರಶ್ನೆ ಕೇಳಿದವರು: ಶುಲ್ಕಕ್ಕೆ ಪೋಸ್ಟಲ್ ಆರ್ಡರ್ ಆಗುತ್ತಾ? ಪಾಲಿಕೆಗೆ ನಾನೂ ಜೊತೆಗೆ ಹೋಗಲಾ?

ಉತ್ತರ 1: ಆಗುತ್ತೆ. ಹೋಗಿ, ಆದರೆ ಸುಮ್ನೆ ಹಿಂದೆ ನಿಂತಿರಿ. ಮಾತು ಅವನೇ ಆಡಲಿ.