ಡೆನಿಸ್ ರಿಚಿ ಬಗ್ಗೆ ಹುಡುಗರಿಗೆ ಏನಂತ ಹೇಳೋದು?

ಲ್ಯಾಬ್ ಮೇಷ್ಟ್ರು, ಹಾಸನ:
ಡಿಪ್ಲೊಮಾ ಹುಡುಗರಿಗೆ ಸಿ ಪ್ರೋಗ್ರಾಮಿಂಗ್ ಭಾಷೆಯ ಲ್ಯಾಬ್ ತಗೋತೀನಿ. ಅಕ್ಟೋಬರ್ 12 ಬಂದರೆ ಐದು ನಿಮಿಷ ರಿಚಿಯವರ ಮಾತು ತೆಗೆಯೋದು ನನ್ನ ರೂಢಿ. 2011ರಲ್ಲಿ ಅವತ್ತು ಅವರು ನ್ಯೂಜೆರ್ಸಿಯ ತಮ್ಮ ಮನೆಯಲ್ಲಿ ತೀರಿಕೊಂಡಿರೋದು ಗೊತ್ತಾಯ್ತು. ಒಂಟಿ ಜೀವ, 70 ವರ್ಷ. ವಾರದ ಹಿಂದಷ್ಟೇ ಸ್ಟೀವ್ ಜಾಬ್ಸ್ ಹೋಗಿದ್ದರು, ಎಲ್ಲೆಲ್ಲೂ ಅದೇ ಸುದ್ದಿ. ರಿಚಿ ಹೋದದ್ದು ಸಿ ಕಲಿಸೋ ನನಗೇ ಎಷ್ಟೋ ದಿನ ಗೊತ್ತಿರಲಿಲ್ಲ, ಈಗಲೂ ನಾಚಿಕೆ ಆಗುತ್ತೆ. "ಸಾರ್, ಇವರದ್ದು ಯಾವ ಕಂಪನಿ?" ಅಂತಾರೆ ಹುಡುಗರು. ಸಿ ಮಾಡಿದವರು, ಕೆನ್ ಥಾಂಪ್ಸನ್ ಜೊತೆ ಯೂನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ ಕಟ್ಟಿದವರು ಅಂದರೆ ಎರಡು ಮಾರ್ಕಿನ ಉತ್ತರದ ಥರ ಬರ್ಕೊಂಡು ಸುಮ್ಮನಾಗ್ತಾರೆ. ನೀವಾಗಿದ್ದರೆ ಏನು ಹೇಳ್ತಿದ್ರಿ?

ಸೆಮಿಕೋಲನ್:
ಹಲೋ ವರ್ಲ್ಡ್‌ನಿಂದ ಶುರು ಮಾಡಿ ಸಾರ್. ಎಲ್ಲರೂ ಮೊದಲು ಬರೆಯೋ ಪ್ರೋಗ್ರಾಂ ಅವರದ್ದೇ ತಾನೇ.

ಹಳೇ ಯೂನಿಕ್ಸ್:
ಅಲ್ಲ ಮಾರಾಯ್ರೆ, ಅದು ರಿಚಿಯವರ ಸಹೋದ್ಯೋಗಿ ಬ್ರಯಾನ್ ಕರ್ನಿಗನ್ ಅವರದ್ದು. ಸಿಗಿಂತ ಮುಂಚಿನ ಬಿ ಭಾಷೆಯ ಪಾಠದಲ್ಲೇ ಇತ್ತು. ಬಿಯಲ್ಲಿ ಅಕ್ಷರ, ಅಂಕಿ ಅಂತ ಭೇದವೇ ಇಲ್ಲ, ಎಲ್ಲಾ ಒಂದೇ ಅಳತೆಯ ಡಬ್ಬಿ. ರಿಚಿ ಕೆಲಸಕ್ಕಿದ್ದ ಬೆಲ್ ಲ್ಯಾಬ್ಸ್‌ಗೆ ಬಂದ ಪಿಡಿಪಿ-11 ಮೆಷೀನು ಬೈಟ್ ಲೆಕ್ಕದ್ದು, ಅಂದ್ರೆ ಒಂದು ಅಕ್ಷರದಷ್ಟು ಸಣ್ಣ ಅಳತೆಯದ್ದು, ಅದಕ್ಕೆ ಈ ಡಬ್ಬಿ ಹೊಂದಲಿಲ್ಲ. ರಿಚಿ ಕ್ಯಾರೆಕ್ಟರ್, ಇಂಟಿಜರ್ ಅಂತ ಟೈಪ್‌ಗಳನ್ನು ತಂದರು, ಬೆಳೆಸುತ್ತಾ ಬೆಳೆಸುತ್ತಾ ಸಿ ಆಯ್ತು. 1973ರಲ್ಲಿ ಯೂನಿಕ್ಸ್‌ನ ತಿರುಳಾದ ಕರ್ನಲನ್ನೇ, ಒಂದೇ ಬಗೆಯ ಮೆಷೀನಿಗೆ ಅಂಟಿಕೊಂಡ ಅಸೆಂಬ್ಲಿ ಭಾಷೆಯಿಂದ ಸಿಗೆ ತಿರುಗಿಸಿ ಬರೆದರು. ಆಮೇಲೆ ಅದನ್ನು ಬೇರೆ ಮೆಷೀನಿಗೆ ಹೊತ್ತೊಯ್ಯೋದು ಸಾಧ್ಯವಾಯ್ತು. ಹುಡುಗರ ಜೇಬಿನ ಆಂಡ್ರಾಯ್ಡ್ ಫೋನಿನಲ್ಲಿರೋ, ಯೂನಿಕ್ಸ್ ಮಾದರಿಯ ಲಿನಕ್ಸ್ ಕರ್ನಲ್ ಬಹುಪಾಲು ಇವತ್ತಿಗೂ ಸಿಯಲ್ಲೇ ಇದೆ. ಜಾಬ್ಸ್ ಅವರ ಐಫೋನೂ ಯೂನಿಕ್ಸ್ ವಂಶದ್ದೇ ಅಂತ ಸೇರಿಸಿ, ಆಗ ಕಿವಿ ನೆಟ್ಟಗಾಗುತ್ತೆ.

ಬೈಂಡಿಂಗ್ ಬಾಕಿ:
ಹುಡುಗರಿಗೆ ಇದು ಹೇಳಿ. 1968ರಲ್ಲಿ ಹಾರ್ವರ್ಡ್‌ನಲ್ಲಿ ರಿಚಿಯವರ ಪಿಎಚ್‌ಡಿ ಪ್ರಬಂಧ ಬರೆದು ಮುಗಿದಿತ್ತು. ಬೈಂಡ್ ಮಾಡಿಸಿದ ಪ್ರತಿ ಲೈಬ್ರರಿಗೆ ಕೊಡಬೇಕಿತ್ತು, ಕೊಡಲೇ ಇಲ್ಲ. ಡಿಗ್ರಿ ಕೈಗೆ ಬರಲೇ ಇಲ್ಲ! 1983ರಲ್ಲಿ ಕಂಪ್ಯೂಟರ್ ಲೋಕದ ನೊಬೆಲ್ ಅಂತಾರಲ್ಲ, ಆ ಟ್ಯೂರಿಂಗ್ ಪ್ರಶಸ್ತಿ ಬಂತು, ಡಾಕ್ಟರೇಟ್ ಮಾತ್ರ ಹಾಗೇ ಉಳೀತು.

ಲ್ಯಾಬ್ ಮೇಷ್ಟ್ರು, ಹಾಸನ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬೈಂಡಿಂಗ್ ಕತೆ ಹೇಳಿದೆ. ಮೊದಲ ಸಲ ಯಾರೂ ಗಡಿಯಾರ ನೋಡಲಿಲ್ಲ. ಕೊನೇ ಬೆಂಚಿನವನು ಎದ್ದು ನಿಂತ: "ಹಂಗಾದ್ರೆ ಸಾರ್, ನಮ್ಮ ಲ್ಯಾಬ್ ರೆಕಾರ್ಡು?"

ನಾಳೆ ಹತ್ತು ಗಂಟೆಗೆ ಟೇಬಲ್ ಮೇಲಿರಬೇಕು ಅಂದೆ.