ಪದ ಬೇಕು: ಮಣ್ಣಿನ ಸ್ಕ್ಯಾನಿಗೂ ಸೂಕ್ಷ್ಮದರ್ಶಕದ ಚಿತ್ರಕ್ಕೂ ಮಾಡುವ ‘ರಿಜಿಸ್ಟ್ರೇಶನ್’

ಬಲ್ಲವರಿಗೆ ನಮಸ್ಕಾರ. ಮಂಡ್ಯದಲ್ಲಿ ರೈತರಿಗೆಂದು ಮಾಡುವ ಮಣ್ಣಿನ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ, ನಾಳೆ ಸಂಜೆ ಪ್ರೆಸ್ಸಿಗೆ ಕೊಡಬೇಕು. ಗದ್ದೆಯ ಹೆಂಟೆಯೊಂದನ್ನು ಮೊದಲು ಎಕ್ಸ್-ರೇ ಸಿಟಿ ಸ್ಕ್ಯಾನ್ ಮಾಡುತ್ತಾರೆ. ಒಳಗಿನ ರಂಧ್ರಗಳೆಲ್ಲ ಮೂರು ಆಯಾಮದಲ್ಲಿ ಕಾಣುತ್ತವೆ, ಆದರೆ ಯಾವ ಕಣ ಯಾವ ಖನಿಜ ಎಂದು ಖಚಿತವಾಗುವುದಿಲ್ಲ. ಆಮೇಲೆ ಅದೇ ಹೆಂಟೆಗೆ ರಾಳ ಕುಡಿಸಿ, ಗಟ್ಟಿಯಾದ ಮೇಲೆ ಕೊಯ್ದು, ಗಾಜಿಗಂಟಿಸಿ, ಸುಮಾರು 30 ಮೈಕ್ರೋಮೀಟರ್ ದಪ್ಪಕ್ಕೆ ತೇಯ್ದು ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಆ ತೆಳು ಬಿಲ್ಲೆ ಇಡೀ ಸ್ಕ್ಯಾನಿನೊಳಗೆ ಎಲ್ಲಿತ್ತು, ಎಷ್ಟು ಓರೆಯಾಗಿತ್ತು ಎಂದು ಹುಡುಕಿ ಎರಡನ್ನೂ ಒಂದರ ಮೇಲೊಂದು ಕೂರಿಸುವುದಕ್ಕೆ ಇಂಗ್ಲಿಷಿನಲ್ಲಿ ‘ರಿಜಿಸ್ಟ್ರೇಶನ್’ ಎನ್ನುತ್ತಾರೆ, ಕನ್ನಡದಲ್ಲಿ ಏನನ್ನೋಣ? ಕರಡಿನಲ್ಲಿ ‘ನೋಂದಣಿ’ ಎಂದಿದೆ. ರೈತರು ಅದನ್ನು ಜಮೀನಿನ ಕ್ರಯಪತ್ರದ ಮಾತೆಂದೇ ತಿಳಿಯುತ್ತಾರೆ.

ಉತ್ತರ, ಮೈಸೂರಿನಿಂದ:
ನೋಂದಣಿ ತಪ್ಪು. ಮರಾಠಿಯ ‘ನೋಂದ’ದಿಂದ ಬಂದದ್ದು, ಬರೆದಿಡುವುದು ಎಂದಷ್ಟೇ ಅರ್ಥ. ಇಲ್ಲಿ ಬೇಕಾದದ್ದು ರಿಜಿಸ್ಟ್ರೇಶನ್ ಎಂಬುದಕ್ಕೆ ಅಚ್ಚುಮನೆಯಲ್ಲಿರುವ ಅರ್ಥ, ಅಂದರೆ ಒಂದರ ಮೇಲೊಂದು ಸರಿಯಾಗಿ ಕೂರಿಸುವುದು. ನಾಲ್ಕು ಬಣ್ಣದ ಅಚ್ಚು ಒಂದರ ಮೇಲೊಂದು ಸರಿಯಾಗಿ ಬೀಳದಿದ್ದರೆ ಅಕ್ಷರದ ಅಂಚಿನಲ್ಲಿ ಇನ್ನೊಂದು ಬಣ್ಣ ಇಣುಕುತ್ತದೆ. ‘ತಾಳೆ’ ಎನ್ನಿ. ಲೆಕ್ಕ ತಾಳೆ ನೋಡುವವರಿಗೆಲ್ಲ ಗೊತ್ತು.

ಉತ್ತರ:
ಮರಾಠಿ ಎಂದು ನೋಂದಣಿಯನ್ನು ಅಟ್ಟಿ ತಾಳೆಗೆ ಮಣೆ ಹಾಕುತ್ತೀರಲ್ಲ ಸ್ವಾಮಿ! ಲೆಕ್ಕ ಕೂಡಿತೋ ಇಲ್ಲವೋ ನೋಡುವುದಕ್ಕೆ ಮರಾಠಿಯವರೂ ‘ತಾಳಾ’ ಎನ್ನುತ್ತಾರೆ. ನಮ್ಮದೇ ಬೇಕೆಂದರೆ ‘ಹೊಂದಿಕೆ’ ಇದೆ. ಸಂಸ್ಕೃತದಿಂದ ಹೊಸದೊಂದನ್ನು ಹೊಸೆಯುವುದಂತೂ ಬೇಡವೇ ಬೇಡ.

ಮತ್ತೆ ಮೈಸೂರಿನಿಂದ:
ನೋಂದಣಿ ಬೇಡವೆಂದದ್ದು ಅರ್ಥ ಕೂಡಲಿಲ್ಲವೆಂದು, ಮರಾಠಿಯೆಂದಲ್ಲ. ಸರಿಯಾಗಿ ಓದಿ. ಜಮೀನು, ಖಾತೆ, ಪಹಣಿ ಎಲ್ಲವೂ ಹೊರಗಿನವೇ. ಅವನ್ನು ಬಿಟ್ಟು ಮಂಡ್ಯದ ರೈತ ಮಾತಾಡುವುದು ಹೇಗೆ? ಗಂಡ ಹೆಂಡಿರಿಗೂ ಹೊಂದಿಕೆ, ಬಟ್ಟೆಯ ಬಣ್ಣಕ್ಕೂ ಹೊಂದಿಕೆ. ಎರಡನ್ನು ಎದುರುಬದುರು ಇಟ್ಟು ನೋಡುವ ಕೆಲಸ ತಾಳೆಯಲ್ಲಿ ಮಾತ್ರ ಇದೆ.

ಕೇಳಿದವನಿಂದ:
ಇಬ್ಬರಿಗೂ ವಂದನೆ. ಒಂದು ತೊಡಕು ಹೇಳಲು ಮರೆತಿದ್ದೆ. ಜೇಡಿ ಹೆಚ್ಚಿರುವ ಹೆಂಟೆ ಒಣಗಿದರೆ ಕುಗ್ಗಿ ಬಿರಿಯುತ್ತದೆ. ರಾಳ ಕುಡಿಸುವ ಮೊದಲು ಸಾಮಾನ್ಯವಾಗಿ ಒಣಗಿಸುತ್ತಾರೆ, ಹಾಗಾಗಿ ಹಸಿಯಲ್ಲಿ ಸ್ಕ್ಯಾನ್ ಮಾಡಿದಾಗಿನ ಆಕಾರ ಉಳಿಯುವುದಿಲ್ಲ. ಚಿತ್ರವನ್ನು ತಿರುಗಿಸಿ ಸರಿಸಿದರೆ ಸಾಲದು, ಅಲ್ಲಲ್ಲಿ ಎಳೆದು ಬಗ್ಗಿಸಬೇಕು. ತಾಳೆ ‘ನೋಡುವುದು’ ಬರೀ ಪರೀಕ್ಷೆಯಾಯಿತು, ಇಲ್ಲಿ ತಾಳೆಯಾಗುವಂತೆ ಮಾಡಬೇಕು. ಅದಕ್ಕೇ ‘ತಾಳೆ ಕೂಡಿಸುವುದು’ ಎಂದು ಬರೆದಿದ್ದೇನೆ. ತಪ್ಪಿದ್ದರೆ ನಾಳೆ ಮಧ್ಯಾಹ್ನದೊಳಗೆ ತಿಳಿಸಿ, ತಿದ್ದುತ್ತೇನೆ.